ಊರ ಕುರುಕ್ಷೇತ್ರವನ್ನು ಹೀಗಳೆಯುವವರಿಗೆ

ಹಳ್ಳಿಯವರು ಆಡುವ ಪೌರಾಣಿಕ ನಾಟಕ ಅಂದರೆ ಕಿರುಚಾಟ. ಅದನ್ನು ನೋಡಲು ರಾತ್ರಿಯಿಡೀ ಕೂರುವವನಿಗೆ ಬೇರೆ ಕೆಲಸವಿಲ್ಲ, ಅದರಲ್ಲಿ ಪಾರ್ಟು ಹಾಕುವವನಿಗೆ ಬುದ್ಧಿಯಿಲ್ಲ. ಓದಿದವರ ನಡುವೆ ಈ ಮಾತು ಎಷ್ಟು ಸಲೀಸಾಗಿ ಓಡಾಡುತ್ತದೆಂದರೆ, ಇದು ನಿಜವೋ ಸುಳ್ಳೋ ಎಂದು ನೋಡುವ ಗೋಜಿಗೇ ಯಾರೂ ಹೋಗುವುದಿಲ್ಲ. ಹಳ್ಳಿಯಲ್ಲೇ ಹುಟ್ಟಿ ಬೆಂಗಳೂರು ಸೇರಿದವರು ಹೇಳುತ್ತಾರೆ, ನಗರದ ರಂಗಾಸಕ್ತರು ಹೇಳುತ್ತಾರೆ, ಈಗೀಗ ಊರ ಹುಡುಗರೂ ಹೇಳಲು ಕಲಿತಿದ್ದಾರೆ. ಈ ಮಾತು ಸುಳ್ಳು. ಕೂತು ಕೇಳದವರು, ಕೂತು ಕೇಳಿದವರ ಮೇಲೆ ಹೊರಿಸಿದ ಅಪವಾದ ಇದು. ಇದನ್ನು ಇನ್ನು ಸುಮ್ಮನೆ ಬಿಡಬಾರದು.

ನಾನು ಈ ನಾಟಕದ ಹುಚ್ಚು ಹತ್ತಿಸಿಕೊಂಡವನು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಎಲ್ಲೇ ಆಗಲಿ, ‘ಶ್ರೀ ಕೃಷ್ಣ ಸಂಧಾನ ಅಥವಾ ಕುರುಕ್ಷೇತ್ರ’ ಎಂಬ ಕರಪತ್ರ ಕೈಗೆ ಸಿಕ್ಕರೆ ಮೊದಲು ಹಾರ್ಮೋನಿಯಂ ಮೇಷ್ಟ್ರ ಹೆಸರು ಹುಡುಕುತ್ತೇನೆ. ಮೇಷ್ಟ್ರು ಯಾರೆಂದು ತಿಳಿದರೆ ಹಾಡುಗಳ ಮಟ್ಟು ಹೇಗಿರುತ್ತದೆಂದು ತಿಳಿಯುತ್ತದೆ. ನನ್ನಂಥವರು ಈ ಭಾಗದಲ್ಲಿ ಊರಿಗೆ ಹತ್ತಾರು ಮಂದಿ ಇದ್ದಾರೆ. ಹೆಚ್ಚಿನವರು ರೈತರು, ಕೆಲವರು ಚಾಲಕರು, ಕೆಲವರು ನಿವೃತ್ತ ಜವಾನರು, ಗುಮಾಸ್ತರು. ಪಕ್ಕದ ಊರಿನಲ್ಲಿ ನಾಟಕವಿದೆಯೆಂದರೆ ಹೆಗಲಿಗೊಂದು ಕಂಬಳಿ ಹಾಕಿಕೊಂಡು ಹೊರಡುವ ಜನ ಇವರು. ಇವರ ಪರವಾಗಿ ಈ ಲೇಖನ.

ನೋಡಿಯೇ ಇರದವರಿಗಾಗಿ, ಈ ನಾಟಕ ಹೇಗೆ ನಡೆಯುತ್ತದೆಂದು ಮೊದಲು ಹೇಳಬೇಕು. ರಾಗಿ ಕಣ ಮುಗಿದು, ಅರಕಲಗೂಡಿನ ಕಡೆ ಹೊಗೆಸೊಪ್ಪು ರಾಮನಾಥಪುರದ ಹರಾಜಿಗೆ ಹೋಗಿ, ಕೈಯಲ್ಲಿ ಸ್ವಲ್ಪ ದುಡ್ಡೂ ಸ್ವಲ್ಪ ಬಿಡುವೂ ಇರುವ ಕಾಲಕ್ಕೆ ಊರಿನಲ್ಲಿ ನಾಟಕದ ಮಾತು ಏಳುತ್ತದೆ. ಮೇಷ್ಟ್ರನ್ನು ಗೊತ್ತು ಮಾಡುತ್ತಾರೆ. ಪಾರ್ಟು ಹಂಚಿಕೆಯಾಗುತ್ತದೆ. ದುರ್ಯೋಧನ, ಕೃಷ್ಣ, ಕರ್ಣನ ಪಾರ್ಟಿಗೆ ಪೈಪೋಟಿ ಇರುವುದರಿಂದ ಒಂದೇ ಪಾತ್ರವನ್ನು ಎರಡು ಮೂರು ಜನ ದೃಶ್ಯಕ್ಕೊಬ್ಬರಂತೆ ಹಂಚಿಕೊಳ್ಳುವುದೂ ಉಂಟು. ಪಾರ್ಟಿಗೆ ತಕ್ಕಂತೆ ಪ್ರತಿಯೊಬ್ಬನೂ ವಂತಿಗೆ ಕಟ್ಟುತ್ತಾನೆ. ಆಮೇಲೆ ತಿಂಗಳುಗಟ್ಟಲೆ, ದಿನವೂ ಊಟವಾದ ಮೇಲೆ, ದೇವಸ್ಥಾನದ ಜಗುಲಿಯಲ್ಲೋ ಶಾಲೆಯ ಪಡಸಾಲೆಯಲ್ಲೋ ತಾಲೀಮು. ಹಬ್ಬಕ್ಕೋ ಜಾತ್ರೆಗೋ ಸೀನರಿಯವರು ಬಂದು ಪರದೆ ಕಟ್ಟುತ್ತಾರೆ. ರಾತ್ರಿ ಊಟದ ಹೊತ್ತು ಮೀರಿದ ಮೇಲೆ ನಾಂದಿ, ಬೆಳಕು ಹರಿಯುವ ಹೊತ್ತಿಗೆ ಮಂಗಳ. ಹಾಸನ ಪಟ್ಟಣದಲ್ಲಾದರೆ ಹಾಸನಾಂಬ ಕಲಾಕ್ಷೇತ್ರದಲ್ಲಿ ಹಳ್ಳಿಗಳ ತಂಡಗಳು ಬಂದು ಆಡುತ್ತವೆ. ಪಾಂಡವರು, ಕೌರವರು, ಶಕುನಿ, ವಿದುರ ಎಲ್ಲರೂ ಊರಿನವರೇ. ದ್ರೌಪದಿ, ಕುಂತಿ, ಭಾನುಮತಿ, ಉತ್ತರೆಯ ಪಾತ್ರಕ್ಕೆ ಮಾತ್ರ ವೃತ್ತಿನಿರತ ಕಲಾವಿದೆಯರು ಬರುತ್ತಾರೆ.

ಇನ್ನು ಆರೋಪಗಳಿಗೆ ಬರೋಣ. ಮೊದಲನೆಯದು ಬೆಸೂರು ಎಂಬುದು. ಗಂಟಲು ಹರಿಯುವಂತೆ ಕೂಗುತ್ತಾರೆ, ಶ್ರುತಿಯಿಲ್ಲ, ಲಯವಿಲ್ಲ ಎನ್ನುತ್ತಾರೆ. ಹೀಗೆನ್ನುವವರು ಈ ಗಾಯನ ಎಲ್ಲಿಂದ ಬಂತೆಂದು ಒಮ್ಮೆಯೂ ಯೋಚಿಸಿದವರಲ್ಲ. ಎ.ವಿ. ವರದಾಚಾರ್ಯರ ರತ್ನಾವಳಿ ಕಂಪನಿ, 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ, ಇವು ಊರಿಂದೂರಿಗೆ ತಿರುಗಿದ ಕಾಲದಲ್ಲಿ ಮೈಕು ಇರಲಿಲ್ಲ. ನಾಟಕಶಾಲೆಯ ಕೊನೆಯ ಸಾಲಿನ ನೆಲದ ಮೇಲೆ ಕೂತವನಿಗೂ ಪದ್ಯದ ಒಂದೊಂದು ಅಕ್ಷರ ಮುಟ್ಟಬೇಕಿತ್ತು. ಹಾಗಾಗಿ ನಟರು ಏರು ಶ್ರುತಿ ಹಿಡಿದು, ಎದೆಯ ದನಿಯಲ್ಲಿ, ತಾರಸ್ಥಾಯಿಗೆ ಏರಿ ನಿಂತು ಹಾಡುವುದನ್ನು ಸಾಧಿಸಿದರು. ಅದೇ ಒಂದು ಶೈಲಿಯಾಯಿತು. ವರದಾಚಾರ್ಯರ ಕಂದಪದ್ಯ ಕೇಳಲೆಂದೇ ಜನ ಮುಗಿಬೀಳುತ್ತಿದ್ದರೆಂದು ಹಿರಿಯರು ಬರೆದಿಟ್ಟಿದ್ದಾರೆ. ಮೊದಲು ತಾಳವಿಲ್ಲದ ಪದ್ಯ, ಅದರಲ್ಲಿ ರಾಗದ ವಿಸ್ತಾರ, ಆಮೇಲೆ ತಬಲದ ಜೊತೆ ಹಾಡು, ಹಾಡಿನ ತುದಿಯಿಂದ ಮತ್ತೆ ಮಾತಿಗೆ ಇಳಿಯುವುದು: ಈ ಕಟ್ಟು ಕಂಪನಿ ನಾಟಕದ ದೊಡ್ಡ ಸಾಧನೆ. ಮಾತಿನಲ್ಲಿ ಹೇಳಿ ಮುಗಿಸಲಾಗದ್ದು ಬಂದಾಗಲೇ ಪಾತ್ರ ಹಾಡಿಗೆ ಹೋಗುತ್ತದೆ. ಕಂಪನಿಗಳು ಒಂದೊಂದಾಗಿ ಮುಚ್ಚಿದವು. ಆ ಕಟ್ಟನ್ನು ಇವತ್ತಿಗೂ ಉಳಿಸಿಕೊಂಡಿರುವವರು ಊರ ರೈತರು.

ಹಾಗಾದರೆ ಯಾರೂ ಶ್ರುತಿ ತಪ್ಪುವುದಿಲ್ಲವೇ? ತಪ್ಪುತ್ತಾರೆ, ಖಂಡಿತ ತಪ್ಪುತ್ತಾರೆ. ತಪ್ಪಿದಾಗ ಏನಾಗುತ್ತದೆಂಬುದನ್ನು ಮಾತ್ರ ಟೀಕಾಕಾರರು ನೋಡಿಲ್ಲ. ಹೊಳೆನರಸೀಪುರದ ಕಡೆಯ ಒಂದು ಊರಿನಲ್ಲಿ ಕರ್ಣ ಮತ್ತು ಕುಂತಿಯ ದೃಶ್ಯ ನಡೆಯುತ್ತಿತ್ತು. ನಡುರಾತ್ರಿ ಕಳೆದು ಎಷ್ಟೋ ಹೊತ್ತಾಗಿತ್ತು. ಕರ್ಣನ ಪಾರ್ಟಿನವನು ಹಗಲು ಟ್ರ್ಯಾಕ್ಟರ್ ಓಡಿಸುವ ಯುವಕ. ತಾಯಿ ಯಾರೆಂದು ತಿಳಿದ ಮೇಲೆ ಬರುವ ಪದ್ಯ ಎತ್ತಿದ. ಮೇಲಿನ ಷಡ್ಜ ದಾಟಿ ಇನ್ನೂ ಏರಬೇಕೆನ್ನುವಾಗ ದನಿ ಒಡೆಯಿತು. ನಿಂತುಬಿಟ್ಟ. ಕೂತಿದ್ದ ಅಷ್ಟು ಜನರಲ್ಲಿ ಒಬ್ಬರೂ ನಗಲಿಲ್ಲ. ಮೇಷ್ಟ್ರು ಹಾರ್ಮೋನಿಯಂನಲ್ಲಿ ಷಡ್ಜವನ್ನು ಹಿಡಿದುಕೊಂಡೇ ಇದ್ದರು, ಅವನ ಮುಖ ನೋಡುತ್ತಾ. ಕುಂತಿಯಾಗಿದ್ದ ಕಲಾವಿದೆ ಎರಡು ಹೆಜ್ಜೆ ಹತ್ತಿರ ಬಂದು, ಪುಸ್ತಕದಲ್ಲಿಲ್ಲದ ಒಂದು ಮಾತು ಸೇರಿಸಿ, ಅವನಿಗೆ ಉಸಿರು ತೆಗೆದುಕೊಳ್ಳುವಷ್ಟು ಅವಕಾಶ ಮಾಡಿಕೊಟ್ಟರು. ಅವನು ಪದ್ಯವನ್ನು ಮತ್ತೆ ಮೊದಲಿನಿಂದ ಎತ್ತಿದ. ಈ ಸಲ ಏರುವ ಬದಲು ಮಂದ್ರಕ್ಕೆ ಇಳಿದು, ಅಲ್ಲಿಂದ ಮೆಲ್ಲಗೆ ಹತ್ತಿ, ಅದೇ ಷಡ್ಜದ ಮೇಲೆ ಬಂದು ನಿಂತ. ಹಿಂದಿನಿಂದ ಒನ್ಸ್ ಮೋರ್ ಕೂಗು ಎದ್ದಿತು. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಮಾತ್ರ ಕೂಗಲಿಲ್ಲ. “ಇದು ಹಳೇ ಮಟ್ಟಲ್ಲ, ಇವ್ರ ಮೇಷ್ಟ್ರು ಬೇರೆ ರಾಗಕ್ಕೆ ಕೂರ್ಸವ್ರೆ. ಆದ್ರೆ ಈ ಜಾಗಕ್ಕೆ ಇದೇ ಸರಿ” ಅಂದರು. ಅವರಿಗೆ ಎರಡು ರಾಗಗಳ ಹೆಸರೂ ಗೊತ್ತಿರಲಿಲ್ಲ. ರಾಗ ಬದಲಾದದ್ದು ಗೊತ್ತಾಗಿತ್ತು, ಬದಲಾವಣೆ ಆ ಸನ್ನಿವೇಶಕ್ಕೆ ಹೊಂದಿತೆಂಬುದೂ ಗೊತ್ತಾಗಿತ್ತು. ಸಂಗೀತ ವಿಮರ್ಶೆ ಅಂದರೆ ಇದಕ್ಕಿಂತ ಹೆಚ್ಚಿನದು ಏನು?

ಆ ಜ್ಞಾನ ಆ ಹಿರಿಯರಿಗೆ ಬಂದದ್ದು ಹೇಗೆ? ಅವರೂ ಒಂದು ಕಾಲಕ್ಕೆ ಕರ್ಣನ ಪಾರ್ಟು ಮಾಡಿದವರು. ಮೇಷ್ಟ್ರ ಎದುರು ಕೂತು ಆ ಪದ್ಯವನ್ನು ತಿಂಗಳುಗಟ್ಟಲೆ ತಿದ್ದಿಸಿಕೊಂಡವರು. ಊರ ನಾಟಕದ ತಿರುಳಿರುವುದು ಇಲ್ಲಿ. ಇಲ್ಲಿ ಕೇಳುವವನು ನಿನ್ನೆ ಹಾಡಿದವನು, ಇಲ್ಲವೇ ನಾಳೆ ಹಾಡುವವನು. ನಗರದ ಸಭಾಂಗಣದಲ್ಲಿ ಟಿಕೆಟು ಕೊಂಡು ಕೂತವರಲ್ಲಿ ರಂಗದ ಮೇಲಿನ ಪಾತ್ರವನ್ನು ಸ್ವತಃ ಮಾಡಿದವರು ಎಷ್ಟು ಮಂದಿ ಸಿಕ್ಕಾರು? ಪ್ರೇಕ್ಷಕನೂ ನಟನೂ ಒಬ್ಬನೇ ಆಗಿರುವ ರಂಗಭೂಮಿಯನ್ನು ತಾಲ್ಲೂಕು ತಾಲ್ಲೂಕಿನಲ್ಲಿ ಇಟ್ಟುಕೊಂಡು, ಅದನ್ನು ಕೀಳು ಅನ್ನುವುದಕ್ಕೆ ನಮಗೆ ನಾಚಿಕೆಯಾಗಬೇಕು.

ಎರಡನೆಯ ಆರೋಪ, ನೋಡಿದ್ದನ್ನೇ ನೋಡುತ್ತಾರೆ ಎಂಬುದು. ವರ್ಷವರ್ಷವೂ ಅದೇ ಸಂಧಾನ, ಅದೇ ಗದಾಯುದ್ಧ, ಹೊಸದೇನಿದೆ ಎಂದು ಕೇಳುತ್ತಾರೆ. ಅರಕಲಗೂಡು ತಾಲ್ಲೂಕಿನಲ್ಲೇ, ಕಾವೇರಿಯ ದಡದಲ್ಲಿ ರುದ್ರಪಟ್ಟಣವಿದೆ. ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು ಅದು. ರುದ್ರಪಟ್ಟಣ ಸಹೋದರರು, ಆರ್.ಕೆ. ಪದ್ಮನಾಭ ಮೊದಲಾದ ವಿದ್ವಾಂಸರನ್ನು ಕೊಟ್ಟ ಊರು. ಅಲ್ಲಿ ತ್ಯಾಗರಾಜರ ಕೃತಿಯನ್ನು ನೂರನೆಯ ಸಲ ಕೇಳುವವನನ್ನು ನಾವು ರಸಿಕ ಎಂದು ಗೌರವಿಸುತ್ತೇವೆ, ಗೌರವಿಸಲೇಬೇಕು. ಕೇಳಿ ಕೇಳಿ ಪರಿಚಯವಾದ ಕೃತಿಯಲ್ಲೇ ಹಾಡುಗಾರನ ಮನೋಧರ್ಮ ಎದ್ದು ಕಾಣುತ್ತದೆಂದು ನಮಗೆ ಗೊತ್ತು. ಅದೇ ತಾಲ್ಲೂಕಿನ ಇನ್ನೊಂದು ಊರಿನಲ್ಲಿ ಕೃಷ್ಣ ಸಂಧಾನದ ಹಾಡನ್ನು ನೂರನೆಯ ಸಲ ಕೇಳುವವನು ಮಾತ್ರ ಕೆಲಸವಿಲ್ಲದವನು ಹೇಗಾದ? ಅವನೂ ಕೇಳುತ್ತಿರುವುದು ವ್ಯತ್ಯಾಸವನ್ನೇ. ಈ ಊರಿನ ಕೃಷ್ಣ ದುರ್ಯೋಧನನ ಮುಂದೆ ಎಲ್ಲಿ ಸೋತಂತೆ ನಟಿಸಿದ, ಆ ಊರಿನ ಶಕುನಿ ದಾಳ ಎಸೆಯುವ ಮುಂಚೆ ಎಷ್ಟು ಹೊತ್ತು ತಡೆದ, ಇವರ ಮೇಷ್ಟ್ರು ಪದ್ಯದ ಕೊನೆಯನ್ನು ಹೇಗೆ ಮುಗಿಸಿದರು, ಇವೆಲ್ಲ ಕಥೆ ಗೊತ್ತಿರುವವನಿಗೆ ಮಾತ್ರ ಸಿಗುವ ಸುಖ. ಗುರುವಿನ ಮನೆಯಲ್ಲಿದ್ದು ಹತ್ತು ವರ್ಷ ಕಲಿಯುವ ಅನುಕೂಲ, ಅದಕ್ಕೆ ಬೇಕಾದ ಜಾತಿ, ಆಸ್ತಿ, ಬಿಡುವು ಇಲ್ಲದ ಜನರಿಗೆ ಭೀಮ್‌ಪಲಾಸ್, ಕಾಪಿ, ಮೋಹನ, ಹಿಂದೋಳಗಳನ್ನು ತಲುಪಿಸಿದ್ದು ಯಾವ ಸಂಗೀತ ಶಾಲೆಯೂ ಅಲ್ಲ. ಸೈಕಲ್ಲಿನ ಹಿಂದೆ ಹಾರ್ಮೋನಿಯಂ ಕಟ್ಟಿಕೊಂಡು ಊರೂರು ತಿರುಗಿದ ಡ್ರಾಮಾ ಮೇಷ್ಟ್ರು.

ಮೂರನೆಯ ಆರೋಪ ಪ್ರಗತಿಪರ ವೇಷದಲ್ಲಿ ಬರುತ್ತದೆ. ಪುರಾಣದ ನಾಟಕ ಜನರನ್ನು ಹಿಂದಕ್ಕೆ ಎಳೆಯುತ್ತದೆ, ಮೂಢಭಕ್ತಿ ಬೆಳೆಸುತ್ತದೆ ಎಂಬುದು ವಾದ. ಇದಕ್ಕೆ ಉತ್ತರ ಬೇಕಾದರೆ ಯಾವ ಪಾತ್ರಕ್ಕೆ ಜನ ಕಣ್ಣೀರು ಹಾಕುತ್ತಾರೆಂದು ನೋಡಬೇಕು. ಸೂತಪುತ್ರನೆಂದು ತುಂಬಿದ ಸಭೆಯಲ್ಲಿ ಅವಮಾನಿತನಾದ ಕರ್ಣನಿಗೆ ಹಾಕುತ್ತಾರೆ. ಸೋತು ಸರೋವರದಲ್ಲಿ ಅಡಗಿದ ದುರ್ಯೋಧನನಿಗೂ ಹಾಕುತ್ತಾರೆ. ಈ ಕಡೆಯ ಕುರುಕ್ಷೇತ್ರದಲ್ಲಿ ದುರ್ಯೋಧನ ಬರಿಯ ಖಳನಾಯಕನಲ್ಲ. ಅವನ ಪಾರ್ಟಿಗೆ ಜನ ಮುಗಿಬೀಳುವುದೂ ಅದಕ್ಕೇ. ಹುಟ್ಟಿನಿಂದ ಯಾರನ್ನೂ ಅಳೆಯದೆ ಕರ್ಣನಿಗೆ ಅಂಗರಾಜ್ಯ ಕೊಟ್ಟವನು ಅವನು ಎಂಬುದನ್ನು ಊರ ಪ್ರೇಕ್ಷಕ ಮರೆಯುವುದಿಲ್ಲ. ಸೋತವನ ಘನತೆಯನ್ನು ಗುರುತಿಸುವ ಈ ಕಣ್ಣು ಕನ್ನಡಕ್ಕೆ ಹೊಸದೇನಲ್ಲ. ಪಂಪ ಕರ್ಣನನ್ನು ಎತ್ತಿಹಿಡಿದ. ರನ್ನ ಗದಾಯುದ್ಧದಲ್ಲಿ ದುರ್ಯೋಧನನನ್ನು ದುರಂತದ ನಾಯಕನ ಎತ್ತರಕ್ಕೆ ಏರಿಸಿದ. ಆ ರನ್ನನ ಹೆಸರು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಕವಿರತ್ನ’ ಎಂಬ ಬಿರುದಿನಲ್ಲಿ ಕೆತ್ತಲ್ಪಟ್ಟಿದೆ. ವಿಶ್ವವಿದ್ಯಾಲಯದಲ್ಲಿ ರನ್ನನ ದುರ್ಯೋಧನನನ್ನು ಪಾಠ ಮಾಡಿದರೆ ಅದು ಸಾಹಿತ್ಯ, ಅದೇ ಬೆಟ್ಟದ ಬುಡದ ಊರಿನಲ್ಲಿ ರೈತನೊಬ್ಬ ದುರ್ಯೋಧನನಾಗಿ ನಿಂತು ಹಾಡಿದರೆ ಅದು ಮೌಢ್ಯ. ಇಂಥ ಇಬ್ಬಗೆಯ ಅಳತೆಗೋಲನ್ನು ನಾನು ಒಪ್ಪುವುದಿಲ್ಲ.

ನಾಲ್ಕನೆಯದು ದುಡ್ಡಿನ ಮಾತು. ಸಾಲ ಮಾಡಿ ಪಾರ್ಟು ಹಾಕುತ್ತಾರೆ, ಕುರಿ ಮಾರಿ ಕಿರೀಟ ಇಡುತ್ತಾರೆ, ದುಂದು ಎನ್ನುತ್ತಾರೆ. ಸಾಲ ಮಾಡಿ ಪಾರ್ಟು ಹಾಕುವುದನ್ನು ನಾನು ಸಮರ್ಥಿಸುವುದಿಲ್ಲ. ಅಂಥವನಿಗೆ ಸಣ್ಣ ಪಾರ್ಟು ಕೊಟ್ಟು ವಂತಿಗೆ ಬಿಡುವುದು ಊರಿನ ಧರ್ಮ, ಎಷ್ಟೋ ಊರುಗಳು ಹಾಗೆ ಮಾಡುತ್ತವೆ ಕೂಡ. ಆದರೆ ಒಂದು ದಿನದ ಮದುವೆಗೆ, ಗೃಹಪ್ರವೇಶದ ಊಟಕ್ಕೆ ಅದರ ಹಲವು ಪಟ್ಟು ಸುರಿದಾಗ ಸುಮ್ಮನಿರುವವರು, ಒಬ್ಬ ರೈತ ತಾನು ಹಾಡಲು ಖರ್ಚು ಮಾಡಿದ ತಕ್ಷಣ ಲೆಕ್ಕ ಕೇಳುವುದು ಯಾಕೆ? ಅವನ ದುಡ್ಡು ಎಲ್ಲಿಗೆ ಹೋಯಿತೆಂದೂ ನೋಡಬೇಕು. ಮೇಷ್ಟ್ರ ಸಂಭಾವನೆಗೆ ಹೋಯಿತು. ತಬಲದವರಿಗೆ, ಕೀಬೋರ್ಡಿನವರಿಗೆ, ಬಣ್ಣ ಹಚ್ಚುವವರಿಗೆ, ಪರದೆ ಬರೆದವರಿಗೆ, ದೀಪದವರಿಗೆ, ಕಲಾವಿದೆಯರಿಗೆ ಹೋಯಿತು. ಸರ್ಕಾರದ ಅನುದಾನದ ಒಂದು ಕಾಸೂ ಇಲ್ಲದೆ ಇಷ್ಟು ಜನ ಕಲಾವಿದರ ಒಲೆ ಹೊತ್ತಿಸುವ ಇನ್ನೊಂದು ವ್ಯವಸ್ಥೆ ಈ ಜಿಲ್ಲೆಯಲ್ಲಿ ಇದ್ದರೆ ಯಾರಾದರೂ ತೋರಿಸಲಿ. ಕೊಟ್ಟವನಿಗೆ ಸಿಕ್ಕಿದ್ದೂ ಸಣ್ಣದಲ್ಲ. ನಾಲ್ಕು ತಿಂಗಳ ಸಂಗೀತಪಾಠ, ಕಂಠಪಾಠವಾದ ನೂರಾರು ಸಾಲು ಕನ್ನಡ, ಊರಿನ ಎದುರು ತಲೆಯೆತ್ತಿ ನಿಂತು ಮಾತಾಡುವ ಧೈರ್ಯ. ದುಡ್ಡು ಕೊಟ್ಟು ಬೇರೆಯವರ ಹಾಡು ಕೇಳುವುದು ಮಾತ್ರ ಸಂಸ್ಕೃತಿ, ದುಡ್ಡು ಕೊಟ್ಟು ತಾನೇ ಹಾಡುವುದು ದುಂದು ಅನ್ನುವವರು ಕಲೆಯನ್ನು ಅಂಗಡಿಯ ಸರಕು ಎಂದು ತಿಳಿದವರು.

ಐದನೆಯದು ವಿದ್ಯಾವಂತರ ಕೊನೆಯ ಅಸ್ತ್ರ: ಇದು ನಿಜವಾದ ರಂಗಭೂಮಿಯೇ ಅಲ್ಲ, ಕಂಪನಿ ನಾಟಕದ ಸವಕಲು ನಕಲು. ಗುಬ್ಬಿ ವೀರಣ್ಣನವರು 1930ರ ದಶಕದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಕುರುಕ್ಷೇತ್ರ ಆಡಿದರು, ಅದು ಇತಿಹಾಸ, ಊರವರದು ಬರೀ ಅನುಕರಣೆ ಎನ್ನುತ್ತಾರೆ. ಆಧುನಿಕ ಕನ್ನಡ ರಂಗಭೂಮಿಗೆ ಹೊಸ ದನಿ ಕೊಟ್ಟವರು ಯಾರು? ಬಿ.ವಿ. ಕಾರಂತರು. ಅವರು ಹುಡುಗನಾಗಿದ್ದಾಗ ಮನೆ ಬಿಟ್ಟು ಸೇರಿದ್ದು ಗುಬ್ಬಿ ಕಂಪನಿಯನ್ನು. ಅವರನ್ನು ಓದಲು ಕಾಶಿಗೆ ಕಳಿಸಿದವರು ವೀರಣ್ಣ. ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ, 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದ ಕಾರಂತರು ತಮ್ಮ ರಂಗಸಂಗೀತಕ್ಕೆ ಬೇರು ಕಂಡುಕೊಂಡದ್ದು ಆ ಕಂಪನಿಯ ಹಾಡುಗಳಲ್ಲಿ. 1954ರ ‘ಬೇಡರ ಕಣ್ಣಪ್ಪ’ದಿಂದ ನಾಡಿನ ಮನೆಮಾತಾದ ರಾಜಕುಮಾರ್ ಕಲಿತದ್ದು ಅದೇ ಪಾಠಶಾಲೆಯಲ್ಲಿ. ಅರಕಲಗೂಡಿನ ಮನೆತನದ ಅ.ನ. ಕೃಷ್ಣರಾಯರು ನಟನೊಬ್ಬನ ಬದುಕನ್ನು ‘ನಟಸಾರ್ವಭೌಮ’ ಕಾದಂಬರಿಯಾಗಿ ಬರೆದು ಬಣ್ಣದವರನ್ನು ಕನ್ನಡ ಸಾಹಿತ್ಯದ ನಡುಮನೆಗೆ ಕರೆತಂದರು. ದೊಡ್ಡವರು ಈ ಮೂಲವನ್ನು ಮರೆಯಲಿಲ್ಲ. ಅವರ ಹೆಸರು ಹೇಳಿಕೊಂಡು ಓಡಾಡುವವರು ಮರೆತಿದ್ದಾರೆ.

ಊರವರು ಆಡಿದರೆ ಅದು ಕಲೆಯಲ್ಲ ಎಂಬ ನಂಬಿಕೆಗೂ ಬುಡವಿಲ್ಲ. ಜರ್ಮನಿಯ ಓಬರಮ್ಮರ್‌ಗೌ ಎಂಬ ಊರಿನ ಜನ ಪ್ಲೇಗಿನ ಕಾಲದಲ್ಲಿ ಹೊತ್ತ ಹರಕೆಯಂತೆ 1634ರಿಂದ ಕ್ರಿಸ್ತನ ಕೊನೆಯ ದಿನಗಳ ನಾಟಕ ಆಡಿಕೊಂಡು ಬಂದಿದ್ದಾರೆ. ಹತ್ತು ವರ್ಷಕ್ಕೊಮ್ಮೆ ಆಡುತ್ತಾರೆ, ಹಿಂದಿನದು ಆದದ್ದು 2022ರಲ್ಲಿ. ಆ ಊರಲ್ಲಿ ಹುಟ್ಟಿದವರು ಅಥವಾ 20 ವರ್ಷ ನೆಲೆಸಿದವರು ಮಾತ್ರ ಪಾತ್ರ ಮಾಡಬಹುದು. ಬಡಗಿಗಳು, ಅಂಗಡಿಯವರು, ವಿದ್ಯಾರ್ಥಿಗಳು ಹಾಡಿ ಆಡುವ ಆ ನಾಟಕ ನೋಡಲು ಲೋಕದ ಮೂಲೆಮೂಲೆಯಿಂದ ಜನ ಹೋಗುತ್ತಾರೆ, ನಮ್ಮವರೂ ಹೋಗುತ್ತಾರೆ. ಅಲ್ಲಿ ಅದು ಪರಂಪರೆ. ಅಷ್ಟೇ ಶ್ರದ್ಧೆಯಿಂದ, ಒಂದು ಊರಲ್ಲಿ ಮಾತ್ರವಲ್ಲದೆ ನೂರಾರು ಊರುಗಳಲ್ಲಿ, ವರ್ಷವರ್ಷವೂ ನಡೆಯುವ ನಮ್ಮ ನಾಟಕಕ್ಕೆ ಮೈಸೂರು ಬೆಂಗಳೂರಿನಿಂದ ಒಬ್ಬ ವಿಮರ್ಶಕನೂ ಬಂದು ಒಂದು ರಾತ್ರಿ ಕೂರುವುದಿಲ್ಲ.

ಈ ರಂಗಭೂಮಿಯಲ್ಲಿ ದೋಷಗಳಿವೆ. ಅವನ್ನು ಮುಚ್ಚಿಡುವುದು ಅಭಿಮಾನಿಯ ಕೆಲಸವಲ್ಲ. ದ್ರೌಪದಿಯ ಮೊರೆ ಮುಗಿಯುವ ಮುಂಚೆ ನಾಟಕ ನಿಲ್ಲಿಸಿ, ಬಂದ ಮುಖಂಡರಿಗೆ ಶಾಲು ಹೊದಿಸಿ ಭಾಷಣ ಮಾಡಿಸುವುದು ಕಲೆಗೆ ಎಸಗುವ ದ್ರೋಹ. ಸನ್ಮಾನವೇನಿದ್ದರೂ ನಾಂದಿಗೆ ಮೊದಲು ಮುಗಿಯಬೇಕು. ಕಿವಿ ಗಡಚಿಕ್ಕುವ ಧ್ವನಿವರ್ಧಕ ಒಳ್ಳೆಯ ಗಂಟಲನ್ನೂ ಕೆಡಿಸುತ್ತದೆ. ಏರು ಶ್ರುತಿಯ ಎದೆದನಿಗೆ ಅಷ್ಟು ಮೈಕು ಬೇಕಾಗಿಯೇ ಇಲ್ಲ. ದಲಿತರ ಕೇರಿಯವನಿಗೆ ಕೃಷ್ಣನ ಪಾರ್ಟು ಕೊಡಲು ಹಿಂದೆಮುಂದೆ ನೋಡುವ ಊರು ಕರ್ಣನ ಪದ್ಯಕ್ಕೆ ಅಳುವ ಹಕ್ಕನ್ನು ಕಳೆದುಕೊಂಡಿರುತ್ತದೆ. ಊರೂರಿಗೆ ಹೋಗಿ ಹತ್ತು ಮೇಷ್ಟ್ರ ಹತ್ತು ಮಟ್ಟುಗಳನ್ನು ತಲೆಯಲ್ಲಿಟ್ಟುಕೊಂಡು, ತಡವರಿಸುವ ಹವ್ಯಾಸಿಗಳನ್ನು ದಡ ಮುಟ್ಟಿಸುವ ಕಲಾವಿದೆಯರ ಬಗ್ಗೆ ಹಗುರವಾಗಿ ಮಾತಾಡುವ ಗಂಡಸರು ಆ ರಂಗದ ಹತ್ತಿರ ಬರಬಾರದು. ಆರ್. ನಾಗರತ್ನಮ್ಮನವರು 1958ರಲ್ಲಿ ಮೈಸೂರಿನಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಗಂಡುಪಾತ್ರಗಳನ್ನೂ ಹೆಂಗಸರೇ ಮಾಡಿ ತೋರಿಸಿದರು. ಈಗ ಹೆಂಗಸರೇ ಎಲ್ಲ ಪಾತ್ರ ಮಾಡುವ ಕುರುಕ್ಷೇತ್ರಗಳು ನಡೆಯುತ್ತಿವೆ. ಅವು ಇನ್ನೂ ಹೆಚ್ಚಬೇಕು. ಈ ದೋಷಗಳನ್ನೆಲ್ಲ ತಿದ್ದಬಹುದು. ಆದರೆ ತಿದ್ದುವ ಹಕ್ಕು ಬಂದು ಕೂತು ನೋಡುವವನಿಗೆ ಮಾತ್ರ ಇದೆ. ದೂರದಿಂದ ಹೀಗಳೆಯುವವನಿಗೆ ತಿದ್ದುವ ಮನಸ್ಸೇ ಇಲ್ಲ.

ಈ ತಾತ್ಸಾರದಿಂದ ಹಾನಿಯಾಗುತ್ತಿದೆ. ಹಳೆಯ ಮೇಷ್ಟ್ರುಗಳು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಒಬ್ಬ ಮೇಷ್ಟ್ರ ಜೊತೆ ಆತ ಕೂರಿಸಿದ ಮಟ್ಟುಗಳೆಲ್ಲ ಹೋಗುತ್ತವೆ, ಯಾಕೆಂದರೆ ಅವು ಯಾವ ಪುಸ್ತಕದಲ್ಲೂ ಇಲ್ಲ. ಪುಸ್ತಕದಲ್ಲಿರುವುದು ಹಾಡಿನ ಸಾಹಿತ್ಯ ಮಾತ್ರ. ಅದನ್ನು ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು, ಯಾವ ಸ್ವರದಿಂದ ಮಾತಿಗೆ ಇಳಿಯಬೇಕು ಎಂಬುದು ಮೇಷ್ಟ್ರ ಬೆರಳಿನಲ್ಲಿ ಇರುತ್ತದೆ. ತಂದೆ ಹಾಡುವುದನ್ನು ಕಂಡು ನಾಚಿಕೆಪಡಬೇಕೆಂದು ಪಟ್ಟಣದಲ್ಲಿ ಕಲಿತು ಬಂದ ಮಗ ತಾಲೀಮಿನ ಕಡೆ ಸುಳಿಯುವುದಿಲ್ಲ. ಅವನಿಗೆ ಆ ನಾಚಿಕೆ ಕಲಿಸಿದವರು ನಾವು, ಓದಿದವರು.

ಆದ್ದರಿಂದ ನಾನು ಕೇಳುವುದು ಕರುಣೆಯನ್ನಲ್ಲ. ನಾಟಕ ಅಕಾಡೆಮಿಯೂ ವಿಶ್ವವಿದ್ಯಾಲಯಗಳೂ ಜಿಲ್ಲೆಯ ಮೇಷ್ಟ್ರುಗಳನ್ನು ಕೂರಿಸಿ ಅವರ ಮಟ್ಟುಗಳನ್ನು ಪೂರ್ತಿಯಾಗಿ ಧ್ವನಿಮುದ್ರಿಸಬೇಕು, ಮೇಷ್ಟ್ರಿಂದ ಮೇಷ್ಟ್ರಿಗೆ ಮಟ್ಟು ಹೇಗೆ ಬದಲಾಗುತ್ತದೆಂದು ದಾಖಲಿಸಬೇಕು. ರಂಗಶಿಕ್ಷಣದ ಶಾಲೆಗಳು ವಿದ್ಯಾರ್ಥಿಗಳನ್ನು ಒಂದು ಊರಿನ ತಾಲೀಮಿಗೆ ಮೊದಲ ದಿನದಿಂದ ಮಂಗಳದವರೆಗೆ ಕಳಿಸಬೇಕು, ಕಲಿಸಲಿಕ್ಕಲ್ಲ, ಕಲಿಯಲಿಕ್ಕೆ. ಪತ್ರಿಕೆಗಳು ಉದ್ಘಾಟನೆ ಮಾಡಿದವರ ಫೋಟೋ ಹಾಕುವುದನ್ನು ಬಿಟ್ಟು, ಆ ರಾತ್ರಿ ಯಾರು ಯಾವ ಪದ್ಯವನ್ನು ಹೇಗೆ ಹಾಡಿದರೆಂದು ಬರೆಯಬೇಕು, ಹೊಗಳಬೇಕಾದಲ್ಲಿ ಹೊಗಳಿ, ತೆಗಳಬೇಕಾದಲ್ಲಿ ತೆಗಳಿ. ವಿಮರ್ಶೆಗೆ ತಕ್ಕುದೆಂದು ಒಪ್ಪಿಕೊಳ್ಳುವುದೇ ಒಂದು ಕಲೆಗೆ ಕೊಡುವ ಮೊದಲ ಮರ್ಯಾದೆ.

ಟೀಕಾಕಾರರಿಗೆ ನನ್ನ ಸವಾಲು ಇಷ್ಟು. ಸಂಕ್ರಾಂತಿ ಕಳೆದ ಮೇಲೆ ಹಾಸನದ ಕಡೆ ಬನ್ನಿ. ನಾಂದಿಗೆ ಕೂತು ಮಂಗಳಕ್ಕೆ ಏಳಿ, ನಡುವೆ ಎದ್ದು ಹೋಗಬೇಡಿ. ಪಕ್ಕದಲ್ಲಿ ಕೂತ ಹಿರಿಯರನ್ನು ಹಾಡಿನ ಬಗ್ಗೆ ಕೇಳಿ, ಅವರ ಮಾತಿಗೆ ಕಿವಿಗೊಡಿ. ಆಮೇಲೆ ಬೆಸೂರು ಎನ್ನಿಸಿದರೆ ಬೆಸೂರು ಎಂದೇ ಬರೆಯಿರಿ, ಆ ಊರಿನವರು ಓದುತ್ತಾರೆ, ಉತ್ತರ ಕೊಡುತ್ತಾರೆ. ಕೇಳದೆ ಕೊಟ್ಟ ತೀರ್ಪಿಗೆ ಮಾತ್ರ ಯಾವ ಬೆಲೆಯೂ ಇಲ್ಲ. ಅದನ್ನು ನಾವು ಒಪ್ಪುವುದಿಲ್ಲ, ನಮ್ಮ ಮಕ್ಕಳು ಒಪ್ಪುವುದಕ್ಕೂ ಬಿಡುವುದಿಲ್ಲ.